22 ಕಿಲೋಮೀಟರಿಗೆ ಒಂದು ವರ್ಷ

ಟಿಟ್ವಾಳಾ ಅಂದರೆ ಮುಂಬಯಿಯವರಿಗೆ ಮಹಾಗಣಪತಿ ಗುಡಿ, ಕಾಳು ನದಿ, ಕಸಾರಾ ಲೈನಿನ ಒಂದು ಸ್ಟೇಷನ್. ಇಲ್ಲಿ ರೇಸ್ ಕಾರಿನ ಚಾಸಿಸ್ ತಯಾರಾಗುತ್ತದೆ ಎಂದರೆ ನಂಬುವವರು ಕಡಿಮೆ. ನಾನು ವಿಜಯಪುರದ ಕಡೆಯಿಂದ ಬಂದು ಅಂಬರನಾಥದ ಟೂಲ್‌ರೂಮಿನಲ್ಲಿ ಫಿಟ್ಟರ್ ಆಗಿ ದುಡಿದೆ. ಆಮೇಲೆ ಟಿಟ್ವಾಳಾದಲ್ಲಿ ಸ್ವಂತ ಫ್ಯಾಬ್ರಿಕೇಶನ್ ಶೆಡ್ ಹಾಕಿಕೊಂಡೆ. ಗೇಟು, ಗ್ರಿಲ್ಲು, ಕಾರ್ಖಾನೆಗಳ ಸಣ್ಣಪುಟ್ಟ ಜಾಬು ಮಾಡಿಕೊಂಡಿದ್ದವನ ಬಳಿಗೆ ಒಂದು ಇಂಜಿನಿಯರಿಂಗ್ ಕಾಲೇಜಿನ ಹುಡುಗರು ನಕ್ಷೆ ಹಿಡಿದುಕೊಂಡು ಬಂದರು. ಅಂದಿನಿಂದ ಫಾರ್ಮುಲಾ ಸ್ಟೂಡೆಂಟ್ ಕಾರುಗಳ ಕೆಲಸ ಈ ಶೆಡ್ಡಿನಲ್ಲಿ ನಿಂತಿಲ್ಲ.

ಗೊತ್ತಿಲ್ಲದವರಿಗಾಗಿ ಎರಡು ಮಾತು. ಫಾರ್ಮುಲಾ ಸ್ಟೂಡೆಂಟ್ ಅಂದರೆ ವಿದ್ಯಾರ್ಥಿಗಳೇ ಒಂದು ವರ್ಷದೊಳಗೆ ಒಂಟಿ ಸೀಟಿನ ರೇಸ್ ಕಾರನ್ನು ವಿನ್ಯಾಸ ಮಾಡಿ, ಕಟ್ಟಿ, ಓಡಿಸುವ ಸ್ಪರ್ಧೆ. 1981ರಲ್ಲಿ ಅಮೆರಿಕದ ಆಸ್ಟಿನ್‌ನಲ್ಲಿರುವ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಫಾರ್ಮುಲಾ ಎಸ್‌ಎಇ ಎಂಬ ಹೆಸರಿನಲ್ಲಿ ಇದು ಶುರುವಾಯಿತು. ನಮ್ಮಲ್ಲಿ 2011ರಿಂದ ಸುಪ್ರಾ ಎಂಬ ಇಂಥದೇ ಸ್ಪರ್ಧೆ ನಡೆಯುತ್ತಿದೆ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ಜನವರಿಯ ಹೊತ್ತಿಗೆ ಫಾರ್ಮುಲಾ ಭಾರತ್ ನಡೆಯುತ್ತದೆ. ಒಟ್ಟು 1000 ಅಂಕ. ವಿನ್ಯಾಸ, ಖರ್ಚಿನ ಲೆಕ್ಕ, ವ್ಯಾಪಾರದ ಯೋಜನೆ, 75 ಮೀಟರಿನ ಆಕ್ಸಲರೇಶನ್, ಎಂಟರ ಆಕಾರದ ಸ್ಕಿಡ್‌ಪ್ಯಾಡ್, ಆಟೋಕ್ರಾಸ್, ಎಲ್ಲಕ್ಕೂ ಅಂಕವಿದೆ. ಎಲ್ಲಕ್ಕಿಂತ ದೊಡ್ಡ ಪಾಲು ಮಾತ್ರ ಸುಮಾರು 22 ಕಿಲೋಮೀಟರಿನ ಎಂಡ್ಯೂರೆನ್ಸ್ ಓಟಕ್ಕೆ. ಬಹುಕಾಲ ಅದೊಂದಕ್ಕೇ 325 ಅಂಕ ಇತ್ತು.

22 ಕಿಲೋಮೀಟರ್ ಅಂದರೆ ಟಿಟ್ವಾಳಾದಿಂದ ಡೊಂಬಿವಲಿ ದಾಟುವಷ್ಟು ದೂರ, ಹೆಚ್ಚೇನಲ್ಲ. ಆದರೂ ಅಷ್ಟು ದೂರ ನಿಲ್ಲದೆ ಓಡುವ ಕಾರು ಕಟ್ಟುವುದು ಎಷ್ಟೋ ತಂಡಗಳಿಂದ ಆಗುವುದಿಲ್ಲ. ಏಕೆ ಆಗುವುದಿಲ್ಲ ಎನ್ನುವುದನ್ನು ಶೆಡ್ಡಿನಲ್ಲಿ ನಿಂತು ನೋಡುತ್ತಾ ಬಂದಿದ್ದೇನೆ. ಈ ಪಾಠಗಳು ಅಲ್ಲಿಂದ ಬಂದವು.

1. ಕ್ಯಾಲೆಂಡರಿನಲ್ಲಿ ಮೊದಲು ಹಬ್ಬಗಳನ್ನು ಗುರುತು ಹಾಕಿ

ಹುಡುಗರು ತರುವ ವೇಳಾಪಟ್ಟಿ ಕಂಪ್ಯೂಟರಿನಲ್ಲಿ ಬಹಳ ಚೆನ್ನಾಗಿರುತ್ತದೆ. ಆಗಸ್ಟಿನಲ್ಲಿ ಅಪ್‌ರೈಟ್ ಮಿಲ್ಲಿಂಗ್, ಸೆಪ್ಟೆಂಬರಿನಲ್ಲಿ ಹಬ್ ಟರ್ನಿಂಗ್, ಅಕ್ಟೋಬರಿನಲ್ಲಿ ಜೋಡಣೆ. ಆದರೆ ಅಂಬರನಾಥ, ಡೊಂಬಿವಲಿ ಎಂಐಡಿಸಿಯ ಲೇತ್ ನಡೆಸುವವರಲ್ಲಿ ಅರ್ಧ ಜನ ಕೊಂಕಣದವರು. ಗಣಪತಿ ಹಬ್ಬಕ್ಕೆ ಅವರು ರತ್ನಾಗಿರಿಗೋ ಸಿಂಧುದುರ್ಗಕ್ಕೋ ಹೋಗಿಯೇ ಹೋಗುತ್ತಾರೆ. ಉತ್ತರಪ್ರದೇಶ, ಬಿಹಾರದ ವೆಲ್ಡರುಗಳು ದೀಪಾವಳಿಗೆ ಹೊರಟರೆ ಛಠ್ ಪೂಜೆ ಮುಗಿಸಿಕೊಂಡೇ ಬರುತ್ತಾರೆ. ವಾರದಲ್ಲಿ ಶುಕ್ರವಾರ ಈ ಕಡೆಯ ಕಾರ್ಖಾನೆಗಳಿಗೆ ರಜೆ. ಭಾನುವಾರ ಅಂಗಡಿ ತೆರೆದಿರುತ್ತದೆ, ಶುಕ್ರವಾರ ಬೀಗ. ಮುಂಬಯಿ ಕಾಲೇಜಿನವರಿಗೆ ಇದು ಗೊತ್ತಿರದೆ ಶುಕ್ರವಾರ ಬಂದು ಬಾಗಿಲು ತಟ್ಟಿ ಹೋಗುತ್ತಾರೆ.

ಟಿಟ್ವಾಳಾಕ್ಕೇ ಸೇರಿದ ಇನ್ನೊಂದು ಮಾತಿದೆ. ಅಂಗಾರಕ ಸಂಕಷ್ಟಿಯ ದಿನ ಗುಡಿಗೆ ಜನ ಕಿಕ್ಕಿರಿಯುತ್ತಾರೆ. ಅಂದು ಚಾಸಿಸ್ ಹೊತ್ತ ಟೆಂಪೊ ಊರಿನಿಂದ ಹೊರಗೆ ಹೋಗುವುದು ಕನಸಿನ ಮಾತು.

ನಾನು ಹೇಳುವ ಲೆಕ್ಕ ಸರಳ. ಸ್ಪರ್ಧೆ ಜನವರಿಯಲ್ಲಿದ್ದರೆ ಕಾರು ತನ್ನ ಕಾಲ ಮೇಲೆ ಓಡುವ ದಿನ ಅಕ್ಟೋಬರಿನಲ್ಲಿರಬೇಕು. ಅದಕ್ಕೆ ಚಾಸಿಸ್ ವೆಲ್ಡಿಂಗ್ ಜುಲೈಯಲ್ಲಿ ಮುಗಿಯಬೇಕು. ಅಂದರೆ ನಕ್ಷೆಯನ್ನು ಮೇ ತಿಂಗಳಲ್ಲಿ ಮುಚ್ಚಿ ಇಡಬೇಕು. ಮೇ ನಂತರ ಯಾರಿಗೆ ಎಷ್ಟೇ ಒಳ್ಳೆಯ ಯೋಚನೆ ಹೊಳೆದರೂ ಅದು ಮುಂದಿನ ವರ್ಷದ ಕಾರಿಗೆ. ನಕ್ಷೆ ಮುಚ್ಚುವ ಧೈರ್ಯವಿರುವ ನಾಯಕನ ತಂಡ ಅರ್ಧ ಗೆದ್ದ ಹಾಗೆ.

2. ಕೈಗೆ ಸಿಗುವ ವಸ್ತುವಿನಿಂದ ಕಟ್ಟಿ

ಕರಿ ಮೋಟಾರ್ ಸ್ಪೀಡ್‌ವೇಗೆ ಆ ಹೆಸರು ಬಂದದ್ದು ಎಸ್. ಕರಿವರ್ಧನ್ ಅವರಿಂದ. ಕೊಯಮತ್ತೂರಿನ ಈ ಮನುಷ್ಯ 1980ರ ದಶಕದ ಕೊನೆಯಲ್ಲಿ, ಊರೂರಲ್ಲಿ ಸಿಗುತ್ತಿದ್ದ ಮಾರುತಿ 800ರ ಎಂಜಿನ್ ಕೂರಿಸಿ ಕಡಿಮೆ ಖರ್ಚಿನ ಒಂಟಿ ಸೀಟಿನ ಕಾರು ಮಾಡಿದರು. ಅದೇ ಫಾರ್ಮುಲಾ ಮಾರುತಿ. ಶ್ರೀಪೆರಂಬುದೂರಿನ ಟ್ರ್ಯಾಕಿನಲ್ಲಿ ಆ ಕಾರಿನಿಂದಲೇ ರೇಸಿಂಗ್ ಶುರು ಮಾಡಿದ ಹುಡುಗ ನಾರಾಯಣ್ ಕಾರ್ತಿಕೇಯನ್ 2005ರಲ್ಲಿ ಜೋರ್ಡನ್ ತಂಡದಿಂದ ಫಾರ್ಮುಲಾ ಒನ್ ಓಡಿಸಿದ ಮೊದಲ ಭಾರತೀಯನಾದ. ಕರಿವರ್ಧನ್ ಅದನ್ನು ನೋಡಲಿಲ್ಲ. 1995ರಲ್ಲೇ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದರು. ಈ ದೇಶದಲ್ಲಿ ರೇಸ್ ಕಾರು ಮುಟ್ಟುವ ಪ್ರತಿಯೊಬ್ಬರೂ ಅವರಿಗೆ ಋಣಿ ಎಂದು ನಾನು ನಂಬಿದ್ದೇನೆ.

ಅದೇ ಬುದ್ಧಿ ಇಂದಿಗೂ ಬೇಕು. ನಿಯಮದಲ್ಲಿ 710 ಸಿಸಿವರೆಗೆ ಎಂಜಿನ್ ಹಾಕಬಹುದು. ನಾಲ್ಕು ಸಿಲಿಂಡರಿನ 600 ಸಿಸಿ ವಿದೇಶಿ ಎಂಜಿನ್ ಹಾಕಿದ ಕಾರಿನ ಸದ್ದು ಕೇಳಿದರೆ ಮೈ ಜುಮ್ಮೆನ್ನುತ್ತದೆ, ನಿಜ. ಆದರೆ ಅದರ ಒಂದು ಗ್ಯಾಸ್ಕೆಟ್ ಹೋದರೆ ಎಲ್ಲಿ ಹುಡುಕುತ್ತೀರಿ? ಪುಣೆ ಪಕ್ಕದ ಚಾಕಣದಲ್ಲಿ ತಯಾರಾದ ಹಳೆಯ ಕೆಟಿಎಂ 390ರ 373 ಸಿಸಿ ಒಂಟಿ ಸಿಲಿಂಡರಿನ ಎಂಜಿನ್ನಿಗೆ ಕಲ್ಯಾಣದಲ್ಲೇ ಸಾಮಾನು ಸಿಗುತ್ತದೆ. ರಿಪೇರಿ ಗೊತ್ತಿರುವ ಮೆಕ್ಯಾನಿಕ್ಕೂ ಸಿಗುತ್ತಾನೆ. ಎಂಜಿನ್ನೂ ಹಗುರ.

ಬೈಕಿನ ಎಂಜಿನ್ನನ್ನು ಕಾರಿಗೆ ಹಾಕುವಾಗ ಒಂದು ವಿಷಯ ಮರೆಯಬೇಡಿ. ಬೈಕು ತಿರುವಿನಲ್ಲಿ ವಾಲುತ್ತದೆ, ಆದ್ದರಿಂದ ಸಂಪಿನೊಳಗಿನ ಆಯಿಲ್ ತಳದಲ್ಲೇ ಇರುತ್ತದೆ. ಕಾರು ವಾಲುವುದಿಲ್ಲ. ಆಯಿಲ್ ಪೂರ್ತಿ ಒಂದು ಪಕ್ಕಕ್ಕೆ ಓಡುತ್ತದೆ, ಪಂಪು ಗಾಳಿ ಹೀರುತ್ತದೆ, ಬೇರಿಂಗ್ ಸುಡುತ್ತದೆ. ಸಂಪಿನೊಳಗೆ ತಡೆ ತಗಡು ಕೂರಿಸದೆ ಕಾರನ್ನು ಸ್ಕಿಡ್‌ಪ್ಯಾಡಿಗೆ ಬಿಡಬಾರದು.

ಪೈಪಿನ ವಿಷಯಕ್ಕೂ ಇದೇ ಮಾತು. 4130 ಕ್ರೋಮೊಲಿ ಬೇಕೇಬೇಕು ಎಂದು ಹುಡುಗರು ಹಟ ಹಿಡಿಯುತ್ತಾರೆ. ಅದು ಮೈಲ್ಡ್ ಸ್ಟೀಲಿಗಿಂತ ಗಟ್ಟಿ, ಸುಲಭಕ್ಕೆ ಮಣಿಯುವುದಿಲ್ಲ. ಆದರೆ ಎರಡರ ಬಿಗಿತನ ಒಂದೇ. ಅದೇ ಅಳತೆಯ, ಅದೇ ದಪ್ಪದ ಪೈಪು ಹಾಕಿದರೆ ಚಾಸಿಸ್ ತಿರುಚುವುದು ಅಷ್ಟೇ. ಕ್ರೋಮೊಲಿಗೆ ಕೊಡುವ ದುಡ್ಡು ಎಲ್ಲಿ ಉಪಯೋಗಕ್ಕೆ ಬರುತ್ತದೆ ಎಂದು ತಿಳಿದುಕೊಂಡು ಖರ್ಚು ಮಾಡಿ.

3. ಜಿಗ್ಗಿಗೆ ಕೊಟ್ಟ ಸಮಯ ಟ್ರ್ಯಾಕಿನಲ್ಲಿ ವಾಪಸು ಬರುತ್ತದೆ

ನನ್ನ ಕಸುಬಿನ ಮಾತು ಇದು, ಹಾಗಾಗಿ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ಉಕ್ಕು ಬಿಸಿಯಾದರೆ ಹಿಗ್ಗುತ್ತದೆ, ಆರಿದಾಗ ಕುಗ್ಗುತ್ತದೆ, ಕುಗ್ಗುವಾಗ ಪಕ್ಕದ ಪೈಪನ್ನು ಎಳೆಯುತ್ತದೆ. ಒಂದು ಮೂಲೆಯಿಂದ ಶುರು ಮಾಡಿ ಸಾಲಾಗಿ ವೆಲ್ಡ್ ಮಾಡುತ್ತಾ ಹೋದರೆ ಕೊನೆಗೆ ಬಾಳೆಕಾಯಿಯ ಹಾಗೆ ಬಾಗಿದ ಚಾಸಿಸ್ ಸಿಗುತ್ತದೆ. ಆದ್ದರಿಂದ ದಪ್ಪ ಟೇಬಲಿನ ಮೇಲೆ ಪೈಪುಗಳನ್ನು ಅಲುಗದಂತೆ ಹಿಡಿಯುವ ಜಿಗ್ ಕಟ್ಟಿ, ಪ್ರತಿ ಪೈಪಿನ ಬಾಯನ್ನು ಬೆಳಕು ತೂರದ ಹಾಗೆ ನಾಚ್ ಮಾಡಿ ಕೂರಿಸಿ, ಇಡೀ ಚಾಸಿಸ್ಸಿಗೆ ಮೊದಲು ಬರೀ ಟ್ಯಾಕ್ ಹಾಕಬೇಕು. ಆಮೇಲೆ ಮುಂದಿನ ಎಡಕ್ಕೆ ಒಂದು ಜೋಡ, ಹಿಂದಿನ ಬಲಕ್ಕೆ ಒಂದು ಜೋಡ, ಹೀಗೆ ಎದುರುಬದುರು ವೆಲ್ಡ್ ಮಾಡುತ್ತಾ ಹೋಗಬೇಕು. ಪೂರ್ತಿ ಆರುವವರೆಗೆ ಜಿಗ್ಗಿನಿಂದ ಬಿಚ್ಚಬಾರದು.

ಸಸ್ಪೆನ್ಶನ್ನಿನ ಎ-ಆರ್ಮ್ ಹಿಡಿಯುವ ಟ್ಯಾಬುಗಳನ್ನು ಕಟ್ಟಕಡೆಗೆ ಹಚ್ಚಬೇಕು. ಒಮ್ಮೆ ತಂಡದ ನಾಯಕಿ, ಡೊಂಬಿವಲಿಯ ಕನ್ನಡದ ಹುಡುಗಿ, ಅವಸರ ಮಾಡಿದಳು. “ಕಾಕಾ, ಟ್ಯಾಬ್ ಇವತ್ತೇ ಹಚ್ಚಿಬಿಡ್ರಿ. ನಾಳೆ ಸರ್ ನೋಡಾಕ ಬರ್ತಾರ.” “ಪೈಪು ಆರಲಿ ತಂಗಿ. ಇವತ್ತು ಹಚ್ಚಿದ್ರ ನಾಳೆ ಕೀಳಬೇಕಾಗ್ತದ,” ಎಂದೆ. ಅವಳು ಒಪ್ಪಿದಳು. ಮರುದಿನ ಡಮ್ಮಿ ಫಿಕ್ಸ್‌ಚರ್ ಇಟ್ಟು ಅಳೆದಾಗ ಒಂದು ಮೂಲೆ ಸ್ವಲ್ಪ ಒಳಕ್ಕೆ ಎಳೆದುಕೊಂಡಿತ್ತು. ಟ್ಯಾಬನ್ನು ನಕ್ಷೆಯ ಬಿಂದುವಿಗೇ ಹೊಂದಿಸಿ ಹಚ್ಚಿದೆವು.

ಎರಡು ಮಿಲಿಮೀಟರ್ ತಪ್ಪಿದರೆ ಏನಾಗುತ್ತದೆ ಎಂದು ಕೇಳುವವರಿದ್ದಾರೆ. ಚಕ್ರ ಮೇಲೆ ಕೆಳಗೆ ಆಡುವಾಗ ಎ-ಆರ್ಮ್ ಒಂದು ಕಮಾನಿನಲ್ಲಿ ತಿರುಗುತ್ತದೆ, ಸ್ಟೀರಿಂಗಿನ ಟೈ ರಾಡ್ ಇನ್ನೊಂದು ಕಮಾನಿನಲ್ಲಿ. ಎರಡೂ ಹೊಂದದಿದ್ದರೆ ಚಾಲಕ ಸ್ಟೀರಿಂಗ್ ಮುಟ್ಟದೆಯೇ ಚಕ್ರ ತಾನಾಗಿ ತಿರುಗುತ್ತದೆ. ಇದನ್ನೇ ಬಂಪ್ ಸ್ಟೀರ್ ಅನ್ನುವುದು. ಬ್ರೇಕ್ ಒತ್ತಿದಾಗ ಮೂಗು ತಗ್ಗುತ್ತದೆ, ಕಾರು ಪಕ್ಕಕ್ಕೆ ಜಗ್ಗುತ್ತದೆ. ಹುಡುಗರು ಟೈರಿನ ಮೇಲೆ, ಬ್ರೇಕಿನ ಮೇಲೆ, ಚಾಲಕನ ಮೇಲೆ ಅನುಮಾನ ಪಡುತ್ತಾ ವಾರ ಕಳೆಯುತ್ತಾರೆ. ಕಾರಣ ಜಿಗ್ಗಿನ ಟೇಬಲಿನ ಮೇಲೆ ಜುಲೈ ತಿಂಗಳಲ್ಲೇ ಉಳಿದುಹೋಗಿರುತ್ತದೆ.

ಚಾಸಿಸ್ ಆದ ಮೇಲೆ ತಿರುಚಿ ನೋಡಿ. ಹಿಂಭಾಗವನ್ನು ಬಿಗಿಯಾಗಿ ಕಟ್ಟಿ, ಮುಂಭಾಗವನ್ನು ನಡುವಿನ ಒಂದು ಬಿಂದುವಿನ ಮೇಲೆ ನಿಲ್ಲಿಸಿ, 1 ಮೀಟರ್ ಉದ್ದದ ತೋಳಿನ ತುದಿಗೆ 50 ಕಿಲೋ ತೂಗುಹಾಕಿದರೆ ಸುಮಾರು 490 ನ್ಯೂಟನ್ ಮೀಟರ್ ಟಾರ್ಕ್ ಬೀಳುತ್ತದೆ. ಡಯಲ್ ಗೇಜಿನ ಅಳತೆಯಿಂದ ಅರ್ಧ ಡಿಗ್ರಿ ತಿರುಚಿದ್ದು ಕಂಡರೆ ನಿಮ್ಮ ಚಾಸಿಸ್ಸಿನ ಬಿಗಿತನ ಡಿಗ್ರಿಗೆ 980 ನ್ಯೂಟನ್ ಮೀಟರ್. ಕಂಪ್ಯೂಟರ್ ಹೇಳಿದ ಸಂಖ್ಯೆಯ ಪಕ್ಕದಲ್ಲಿ ಇದನ್ನು ಬರೆದಿಡಿ. ವಿನ್ಯಾಸದ ತೀರ್ಪುಗಾರರು ಕೇಳುವ ಮೊದಲ ಪ್ರಶ್ನೆಯೇ ಅದು: ಲೆಕ್ಕ ಸರಿ, ಅಳೆದು ನೋಡಿದ್ದೀರಾ?

4. ಮಳೆಗಾಲದಲ್ಲಿ ಪೈಪು ಒಂದು ರಾತ್ರಿ ಕಾಯುವುದಿಲ್ಲ

ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲೇ ನೀರಿರುತ್ತದೆ. ಸ್ವಚ್ಛ ಮಾಡಿ ಇಟ್ಟ ಪೈಪು ಬೆಳಗ್ಗೆ ಕೆಂಪಾಗಿರುತ್ತದೆ. ಅಂದು ಎಷ್ಟು ವೆಲ್ಡ್ ಮಾಡುತ್ತೀರೋ ಅಷ್ಟನ್ನೇ ತಿಕ್ಕಿ ಅಸಿಟೋನ್‌ನಲ್ಲಿ ಒರೆಸಿ. ಉಳಿದದ್ದರ ಮೇಲೆ ಎಣ್ಣೆ ಇರಲಿ. ಆರ್ಗಾನ್ ವೆಲ್ಡಿಂಗ್ ನಡೆಯುವಾಗ ಶೆಡ್ಡಿನ ಫ್ಯಾನು ಬಂದ್. ಸೆಖೆಗೆ ಹುಡುಗರು ಒದ್ದಾಡುತ್ತಾರೆ, ಆದರೆ ಗಾಳಿ ಬೀಸಿದರೆ ಆರ್ಗಾನ್ ಹಾರಿಹೋಗಿ ಜೋಡದೊಳಗೆ ತೂತು ಉಳಿಯುತ್ತದೆ. ಕ್ರೋಮೊಲಿ ಜೋಡದ ಮೇಲೆ ಒದ್ದೆ ಬಟ್ಟೆ ಇಟ್ಟು ಆರಿಸಬೇಡಿ, ಅದು ಗಾಜಿನಷ್ಟು ಪೆಡಸಾಗುತ್ತದೆ. ತಾನಾಗಿ ಆರಲಿ.

ಚಾಸಿಸ್ಸಿಗೆ ಆಮೇಲೆ ಏನಾದರೂ ವೆಲ್ಡ್ ಮಾಡುವುದಿದ್ದರೆ ಇಸಿಯು ಬಿಚ್ಚಿ, ಬ್ಯಾಟರಿ ತೆಗೆದು ಹೊರಗಿಡಿ. ವಿದ್ಯುತ್ ಕಾರು ಆದರೆ ಇನ್ನೂ ಕಟ್ಟುನಿಟ್ಟು. ನಿಯಮದ ಪ್ರಕಾರ ಅದರಲ್ಲಿ 600 ವೋಲ್ಟ್ ತನಕ ಇರಬಹುದು. ಐಐಟಿ ಬಾಂಬೆಯ ಹುಡುಗರು ವಿದ್ಯುತ್ ಕಾರನ್ನು ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ವರೆಗೆ ಕೊಂಡೊಯ್ದವರು. ಅಂಥ ಕಾರಿನ ಬ್ಯಾಟರಿ ಪೆಟ್ಟಿಗೆ ಒಳಗಿದ್ದರೆ ನಾನು ಟಾರ್ಚ್ ಕೈಗೆ ತೆಗೆದುಕೊಳ್ಳುವುದಿಲ್ಲ.

5. ನಿಯಮದ ಪುಸ್ತಕ ವೆಲ್ಡಿಂಗ್ ಟೇಬಲಿನ ಪಕ್ಕದಲ್ಲೇ ಇರಲಿ

ಕೊಯಮತ್ತೂರಿಗೆ ಹೋದ ಮೇಲೆ ಕಾರು ಮೊದಲು ಓಡುವುದು ಟ್ರ್ಯಾಕಿನಲ್ಲಲ್ಲ, ತಪಾಸಣೆಯ ಸಾಲಿನಲ್ಲಿ. ಮುಂದಿನ ಹಿಂದಿನ ಚಕ್ರಗಳ ನಡುವೆ ಕನಿಷ್ಠ 1525 ಮಿಲಿಮೀಟರ್ ಇರಬೇಕು. ಬೆಲ್ಟು ಕಟ್ಟಿಕೊಂಡು ಕೂತ ಚಾಲಕ 5 ಸೆಕೆಂಡಿನಲ್ಲಿ ಹೊರಗೆ ಬರಬೇಕು. ಕಾರನ್ನು 60 ಡಿಗ್ರಿ ವಾಲಿಸಿದಾಗ ಚಕ್ರ ಏಳಬಾರದು, ಒಂದು ಹನಿ ಆಯಿಲ್ಲೋ ಪೆಟ್ರೋಲೋ ಸೋರಬಾರದು. ಎಂಜಿನ್ ಸದ್ದು 110 ಡೆಸಿಬೆಲ್ ದಾಟಬಾರದು. ಬ್ರೇಕ್ ಒತ್ತಿದರೆ ನಾಲ್ಕೂ ಚಕ್ರ ಒಟ್ಟಿಗೆ ಕಚ್ಚಬೇಕು. ಇಷ್ಟೂ ಪಾಸಾದ ಮೇಲೆಯೇ ಓಡಲು ಬಿಡುತ್ತಾರೆ. ಸ್ಪರ್ಧೆಗೆ ಬಂದು ಒಂದು ಸುತ್ತೂ ಓಡದೆ ಮರಳಿದ ಕಾರುಗಳನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ವರ್ಷವಿಡೀ ದುಡಿದ ಮಕ್ಕಳು ಅವರು.

ಇವೆಲ್ಲವನ್ನೂ ನವೆಂಬರಿನಲ್ಲೇ ಶೆಡ್ಡಿನಲ್ಲಿ ಮಾಡಿ ನೋಡಬಹುದು. ಕಾರನ್ನು ಹಗ್ಗ ಕಟ್ಟಿ ವಾಲಿಸಲು ನಾಲ್ಕು ಜನ ಸಾಕು. ತಪಾಸಣೆಯ ಪಟ್ಟಿ ಹಿಡಿದು ಪರೀಕ್ಷೆ ಮಾಡಬೇಕಾದವರು ಕಾರು ಕಟ್ಟಿದವರಲ್ಲ. ಹಿಂದಿನ ವರ್ಷ ಕಾಲೇಜು ಬಿಟ್ಟ ಸೀನಿಯರುಗಳನ್ನು ಕರೆಸಿ. ಅವರಿಗೆ ದಾಕ್ಷಿಣ್ಯ ಇರುವುದಿಲ್ಲ.

6. ರಾಡ್ ಎಂಡ್ ಎಳೆಯಲಿಕ್ಕೆ, ಬಾಗಿಸಲಿಕ್ಕಲ್ಲ

ಕ್ಯಾಂಬರ್, ಅಂದರೆ ಚಕ್ರದ ವಾಲಿಕೆ, ಹೊಂದಿಸಲು ಸುಲಭ ಎಂದು ಎ-ಆರ್ಮಿನ ಹೊರತುದಿಗೆ ರಾಡ್ ಎಂಡ್ ಹಾಕುತ್ತಾರೆ. ಅಲ್ಲಿ ಬ್ರೇಕಿನ ಬಲವೆಲ್ಲ ಅದರ ಚೂಡಿಯನ್ನು ಬಾಗಿಸುತ್ತದೆ, ಒಂದು ದಿನ ಪಟ್ಟನೆ ಮುರಿಯುತ್ತದೆ. ಹೊರತುದಿಗೆ ಗೋಳದ ಬೇರಿಂಗ್ ಕೂರಿಸಿ, ಕ್ಯಾಂಬರ್‌ಗೆ ತೆಳು ತಗಡಿನ ಶಿಮ್ ಬಳಸಿ. ಈ ಒಂದು ವಿಷಯದಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ. ಅಂಥ ನಕ್ಷೆ ತಂದರೆ ವಾಪಸು ಕಳಿಸುತ್ತೇನೆ.

7. ಗಾಳಿ ಒಂದೇ ಬಾಗಿಲಿನಿಂದ ಬರಲಿ

ಪೆಟ್ರೋಲ್ ಎಂಜಿನ್ನಿನ ಗಾಳಿಯೆಲ್ಲ 20 ಮಿಲಿಮೀಟರ್ ಅಗಲದ ಒಂದು ರೆಸ್ಟ್ರಿಕ್ಟರ್ ಮೂಲಕವೇ ಹೋಗಬೇಕು. ಅದರ ಬಾಯಿ ಮುಚ್ಚಿದರೆ ಎಂಜಿನ್ ಆರಬೇಕು, ಆರದಿದ್ದರೆ ಎಲ್ಲೋ ಸೋರುತ್ತಿದೆ. ತ್ರೀಡಿ ಪ್ರಿಂಟ್ ಮಾಡಿದ ಪ್ಲೀನಮ್, ಅಂದರೆ ಗಾಳಿಯ ಡಬ್ಬಿ, ಹೊರಗೆ ನುಣ್ಣಗಿದ್ದರೂ ಪದರಗಳ ನಡುವೆ ಗಾಳಿ ಎಳೆಯುತ್ತದೆ. ಒಳಗೆ ಎಪಾಕ್ಸಿ ಬಳಿದು, ನೀರಿನಲ್ಲಿ ಮುಳುಗಿಸಿ, ಗಾಳಿ ತುಂಬಿ ಗುಳ್ಳೆ ಬರುತ್ತದೆಯೇ ನೋಡಿ. ಪಂಕ್ಚರ್ ಅಂಗಡಿಯ ವಿದ್ಯೆ ಇದಕ್ಕೆ ಸಾಕು.

8. ಕಾರು ಮುರಿಯಬೇಕಾದ್ದು ನವೆಂಬರಿನಲ್ಲಿ

ಯುದ್ಧಕಾಲೇ ಶಸ್ತ್ರಾಭ್ಯಾಸ ಅನ್ನುವುದು ಈ ಸ್ಪರ್ಧೆಯಲ್ಲಿ ಪ್ರತಿವರ್ಷ ಕಾಣುತ್ತದೆ. ಕಾರು ಟ್ರಕ್ಕು ಹತ್ತುವ ಹಿಂದಿನ ರಾತ್ರಿ ಮೊದಲ ಬಾರಿಗೆ ಸ್ಟಾರ್ಟ್ ಆಗುತ್ತದೆ, ಎಲ್ಲರೂ ಕುಣಿಯುತ್ತಾರೆ. ಆ ಕಾರು 22 ಕಿಲೋಮೀಟರ್ ಓಡುವುದು ದೇವರ ದಯೆ ಇದ್ದರೆ ಮಾತ್ರ.

ಓಡಿಸಿದಷ್ಟೂ ಕಾರು ತನ್ನ ಕಾಯಿಲೆ ತೋರಿಸುತ್ತದೆ. ಒಂಟಿ ಸಿಲಿಂಡರಿನ ನಡುಕಕ್ಕೆ ಸೈಲೆನ್ಸರಿನ ಬ್ರಾಕೆಟ್ ಬಿರಿಯುತ್ತದೆ. ರೇಡಿಯೇಟರಿನ ಕಾಲು ಬಿರಿಯುತ್ತದೆ. ವೈರಿನ ಕನೆಕ್ಟರ್ ಸಡಿಲವಾಗಿ ಎಂಜಿನ್ ಕೆಮ್ಮುತ್ತದೆ. ನನ್ನ ಅನುಭವದಲ್ಲಿ ಟ್ರ್ಯಾಕಿನಲ್ಲಿ ನಿಂತ ಕಾರುಗಳಲ್ಲಿ ಎಂಜಿನ್ ಒಡೆದು ನಿಂತವು ಕಡಿಮೆ. ಹತ್ತು ರೂಪಾಯಿಯ ಕನೆಕ್ಟರ್, ಕಟ್ಟಿರದ ವೈರು, ಬಿಗಿ ಮಾಡದ ನಟ್ಟು, ಇವೇ ಹೆಚ್ಚು. ಆದ್ದರಿಂದ ಪ್ರತಿ ಬೋಲ್ಟನ್ನು ಟಾರ್ಕ್ ರೆಂಚಿನಲ್ಲಿ ಬಿಗಿದು, ನಟ್ಟಿನ ಮೇಲಿಂದ ಪಕ್ಕದ ಲೋಹದವರೆಗೆ ಬಣ್ಣದ ಒಂದು ಗೆರೆ ಎಳೆಯಿರಿ. ಓಡಿಸಿ ಬಂದಾಗ ಗೆರೆ ತುಂಡಾಗಿದ್ದರೆ ನಟ್ಟು ತಿರುಗಿದೆ ಎಂದರ್ಥ. ದೂರದಿಂದಲೇ ಕಾಣುತ್ತದೆ.

ಮುಖ್ಯ ಪರೀಕ್ಷೆ ಒಂದಿದೆ. ಎಂಡ್ಯೂರೆನ್ಸಿನ ಅರ್ಧ ದಾರಿಯಲ್ಲಿ ಎಂಜಿನ್ ಆರಿಸಿ 3 ನಿಮಿಷದೊಳಗೆ ಚಾಲಕರು ಬದಲಾಗಬೇಕು, ಆಮೇಲೆ ಬಿಸಿ ಎಂಜಿನ್ ಮತ್ತೆ ಸ್ಟಾರ್ಟ್ ಆಗಬೇಕು. ಆ ಮೂರು ನಿಮಿಷ ನೀರು ತಿರುಗುವುದಿಲ್ಲ, ಫ್ಯಾನು ಬ್ಯಾಟರಿ ತಿನ್ನುತ್ತದೆ. ಎಷ್ಟೋ ಒಳ್ಳೆಯ ಕಾರುಗಳು ಅಲ್ಲೇ ನಿಂತಿವೆ. ಅದಕ್ಕೇ ಟೆಸ್ಟಿಂಗಿನಲ್ಲಿ 11 ಕಿಲೋಮೀಟರ್ ಓಡಿಸಿ, ಆರಿಸಿ, ಕಾದು, ಮತ್ತೆ ಸ್ಟಾರ್ಟ್ ಮಾಡಿ ಇನ್ನೊಂದು 11 ಓಡಿಸಿ. ಅಕ್ಟೋಬರಿನ ಉರಿಬಿಸಿಲಿನ ಮಧ್ಯಾಹ್ನ ಮಾಡಿ. ನಮ್ಮ ಕಡೆಯ ಆ ಸೆಖೆಯಲ್ಲಿ ಪಾಸಾದ ಕಾರು ಕೊಯಮತ್ತೂರಿನ ಜನವರಿಯಲ್ಲಿ ಕುದಿಯುವುದಿಲ್ಲ.

ಎಲ್ಲಿ ಓಡಿಸುವುದು? ಕಾಲೇಜಿನ ಮೈದಾನ, ಕಾರ್ಖಾನೆಯ ಖಾಲಿ ಪಾರ್ಕಿಂಗ್, ಲಿಖಿತ ಅನುಮತಿ ಪಡೆದು, ಜಲ್ಲಿ ಗುಡಿಸಿ, ಬೆಂಕಿ ಆರಿಸುವ ಸಿಲಿಂಡರ್ ಇಟ್ಟುಕೊಂಡು. ನವಿ ಮುಂಬಯಿಯ ಪಾಮ್ ಬೀಚ್ ರೋಡ್ ಅಗಲವಾಗಿದೆ, ಬೆಳಗಿನ ಜಾವ ಖಾಲಿ ಇರುತ್ತದೆ ಎಂದು ಆಸೆ ಪಡುವವರಿದ್ದಾರೆ. ಖಂಡಿತ ಬೇಡ. ನೋಂದಣಿ ಇಲ್ಲದ ವಾಹನವನ್ನು ಸಾರ್ವಜನಿಕ ರಸ್ತೆಗೆ ತರುವುದು 1988ರ ಮೋಟಾರು ವಾಹನ ಕಾಯ್ದೆಗೆ ವಿರುದ್ಧ. ಅದಕ್ಕಿಂತ ಹೆಚ್ಚಾಗಿ, ಎದುರಿನಿಂದ ಹಾಲಿನ ವ್ಯಾನು ತರುವವನಿಗೆ ನೆಲಕ್ಕೆ ಅಂಟಿದ ನಿಮ್ಮ ಕಾರು ಕಣ್ಣಿಗೇ ಬೀಳುವುದಿಲ್ಲ.

9. ಚಾಲಕನನ್ನು ಗಡಿಯಾರ ಆರಿಸಲಿ

ತಂಡಕ್ಕೆ ಹೆಚ್ಚು ದುಡಿದವನಿಗೆ ಸ್ಟೀರಿಂಗ್ ಕೊಡಬೇಕೆಂಬ ಭಾವನೆ ಸಹಜ, ಒಳ್ಳೆಯದೂ ಹೌದು. ಆದರೂ ಸ್ಟೀರಿಂಗ್ ಕೊಡಬೇಕಾದ್ದು ಸುತ್ತುಗಳ ಸಮಯ ಒಂದೇ ಸಮ ಇರುವವನಿಗೆ, ಅವಳಿಗೆ. ಎಂಡ್ಯೂರೆನ್ಸಿನಲ್ಲಿ ಒಂದು ಕೋನ್ ಬಿದ್ದರೆ 2 ಸೆಕೆಂಡ್ ದಂಡ. ಒಂದು ಸುತ್ತು ಮಿಂಚಿ ಮುಂದಿನ ಸುತ್ತಿನಲ್ಲಿ ಮೂರು ಕೋನ್ ಬೀಳಿಸುವವನಿಗಿಂತ ನಿಧಾನವಾಗಿ ಓಡಿಸಿ ಒಂದೂ ಬೀಳಿಸದವಳು ತಂಡಕ್ಕೆ ಹೆಚ್ಚು ಅಂಕ ತರುತ್ತಾಳೆ. ಗೋ-ಕಾರ್ಟ್ ಟ್ರ್ಯಾಕಿಗೆ ಕರೆದೊಯ್ದು ಎಲ್ಲರ ಸಮಯ ಬರೆದು ಗೋಡೆಗೆ ಹಚ್ಚಿ. ಜಗಳ ಅಲ್ಲೇ ಮುಗಿಯುತ್ತದೆ.

10. ಪಿಟ್ಟಿನಲ್ಲಿ ಹೊಸದೇನನ್ನೂ ಹಚ್ಚಬೇಡಿ

ಪಕ್ಕದ ಪಿಟ್ಟಿನಲ್ಲಿ ದೊಡ್ಡ ರೆಕ್ಕೆಯ ಕಾರು ಕಂಡಾಗ ಮನಸ್ಸು ಅಲ್ಲಾಡುತ್ತದೆ. ಟೈರಿನ ಗಾಳಿ, ಬ್ರೇಕಿನ ಹಂಚಿಕೆ, ಟೋ (ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ), ಇಷ್ಟು ಬದಲಾಯಿಸಿ, ಅದೂ ಒಂದು ಸಲಕ್ಕೆ ಒಂದೇ. ಪರೀಕ್ಷಿಸದ ಭಾಗವನ್ನು ಡಬ್ಬಿಯಲ್ಲೇ ಬಿಡಿ. ಟೋ ನೋಡಲು ಕಾರಿನ ಎರಡೂ ಬದಿಗೆ ದಾರ ಕಟ್ಟಿ ಸ್ಕೇಲಿನಲ್ಲಿ ಅಳೆದರೆ ಸಾಕು. ಲೇಸರ್ ಇಲ್ಲವೆಂದು ಕೊರಗಬೇಡಿ.

ಅಲ್ಲಿ ಕಲಿಯಬೇಕಾದದ್ದು ಬೇರೆ ಇದೆ. ಬೆಂಗಳೂರಿನ ಆರ್.ವಿ. ಕಾಲೇಜಿನ ಅಶ್ವ ರೇಸಿಂಗ್, ಮಣಿಪಾಲದ ಫಾರ್ಮುಲಾ ಮಣಿಪಾಲ್ ಬಹಳ ವರ್ಷಗಳಿಂದ ಈ ಕೆಲಸದಲ್ಲಿವೆ. ಹಳೆಯ ತಂಡಗಳ ಪಿಟ್ಟಿಗೆ ಹೋದರೆ ಕಾರಿಗಿಂತ ಮೊದಲು ಅವರ ಟೂಲ್ ಟ್ರಾಲಿ ನೋಡಿ, ಯಾರು ಯಾವ ಕೆಲಸಕ್ಕೆ ನಿಂತಿದ್ದಾರೆ ನೋಡಿ, ಹೊರಗೆ ಹೋಗುವ ಮುನ್ನ ಯಾರು ಪಟ್ಟಿ ಓದುತ್ತಾರೆ ನೋಡಿ. ಸ್ಪ್ಯಾನರ್ ಬೇಕಾದರೆ ಕನ್ನಡದಲ್ಲಿ ಕೇಳಿ, ಕೊಡುತ್ತಾರೆ. ಒಮ್ಮೆ ಎಂಡ್ಯೂರೆನ್ಸಿಗೆ ಸ್ವಲ್ಪ ಮುಂಚೆ ನಮ್ಮ ಕಾರಿನ ಚೈನ್ ಲಿಂಕ್ ಸರಿ ಕಾಣಲಿಲ್ಲ. ಬೆಂಗಳೂರಿನ ತಂಡವೊಂದರ ಹುಡುಗ ಓಡಿ ಹೋಗಿ ತಮ್ಮ ಪೆಟ್ಟಿಗೆಯಿಂದ ಲಿಂಕ್ ತಂದು ಕೊಟ್ಟ. ಅದೇ ಸಾಲಿನಲ್ಲಿ ಅವರ ಕಾರೂ ಇತ್ತು, ನಮ್ಮ ಎದುರಾಳಿಯಾಗಿ. ಆ ವರ್ಷ ನಮ್ಮ ಕಾರು 22 ಕಿಲೋಮೀಟರ್ ಮುಗಿಸಿತು. ನಮ್ಮ ಹುಡುಗರು ಮೊದಲು ಓಡಿದ್ದು ಅವರ ಪಿಟ್ಟಿಗೆ.

11. ಮರಳಿ ಬಂದ ಕಾರನ್ನು ಬಿಚ್ಚಿ ನೋಡಿ

ಸ್ಪರ್ಧೆ ಮುಗಿದ ಕಾರಿಗೆ ಹೊದಿಕೆ ಹಾಕಿ ಮೂಲೆಗೆ ನಿಲ್ಲಿಸಿ ಪರೀಕ್ಷೆಗೆ ಓದಲು ಹೋಗುತ್ತಾರೆ. ಸೀನಿಯರುಗಳು ನೌಕರಿಗೆ ಹೋಗುತ್ತಾರೆ, ಕಲಿತದ್ದೂ ಅವರ ಜೊತೆ ಹೋಗುತ್ತದೆ. ಹೊಸ ತಂಡ ಮತ್ತೆ ಅದೇ ಬ್ರಾಕೆಟ್ ಮುರಿದುಕೊಳ್ಳುತ್ತದೆ.

ಫೆಬ್ರವರಿಯಲ್ಲಿ ಕಿರಿಯರ ಕೈಯಿಂದಲೇ ಕಾರು ಬಿಚ್ಚಿಸಿ. ಆಯಿಲ್ ಫಿಲ್ಟರ್ ಕತ್ತರಿಸಿ ಲೋಹದ ಪುಡಿ ಇದೆಯೇ ನೋಡಲಿ. ವೆಲ್ಡ್ ಜೋಡಗಳಿಗೆ ಡೈ ಪೆನೆಟ್ರೆಂಟ್ ಹೊಡೆದು ಬಿರುಕು ಹುಡುಕಲಿ. ಚೈನ್ ಎಷ್ಟು ಉದ್ದವಾಗಿದೆ, ರಾಡ್ ಎಂಡ್ ಎಷ್ಟು ಆಡುತ್ತದೆ, ಬ್ರೇಕ್ ಪ್ಯಾಡ್ ಎಷ್ಟು ಸವೆದಿದೆ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆಯಲಿ. ಮುರಿದ ಭಾಗಗಳನ್ನು ಭಂಗಾರಿಗೆ ಹಾಕದೆ, ಚೀಟಿ ಕಟ್ಟಿ ಒಂದು ಪೆಟ್ಟಿಗೆಯಲ್ಲಿ ಇಡಲಿ: ಎಲ್ಲಿ ಮುರಿಯಿತು, ಯಾವಾಗ, ಎಷ್ಟು ಕಿಲೋಮೀಟರ್ ಓಡಿದ ಮೇಲೆ.

ಆ ಪೆಟ್ಟಿಗೆ ಮತ್ತು ನೋಟ್‌ಬುಕ್ ತಂದರೆ ಹೊಸ ನಕ್ಷೆಯ ಮಾತು ಶುರು ಮಾಡೋಣ. ಮೇ ತಿಂಗಳಿಗೆ ಜಿಗ್ ಟೇಬಲ್ ಖಾಲಿ ಮಾಡಿ ಇಟ್ಟಿರುತ್ತೇನೆ. ಶುಕ್ರವಾರ ಮಾತ್ರ ಬರಬೇಡಿ.